ಮದ್ದಿಗೆ ಬಗ್ಗದ ರೋಗಾಣುಗಳೂ ದೇಶದೇಶಗಳ ಲೆಕ್ಕದ ಪುಸ್ತಕವೂ

ಎರಡು ವರ್ಷದ ಕೆಳಗೆ ಕಾರ್ತಿಕ ಮಾಸದಲ್ಲಿ ನಮ್ಮ ಮನೆಯ ಸೀಮೆಹಸುವಿಗೆ ಕೆಚ್ಚಲುಬಾವು ಬಂದಿತು. ಹಿಂದಿನ ಎಡಮೊಲೆ ಕಲ್ಲಿನಂತಾಗಿ, ಹಾಲು ಒಡೆದು ಹರಳುಹರಳಾಗಿ ಬೀಳತೊಡಗಿತು. ಪಶುವೈದ್ಯರ ಆಸ್ಪತ್ರೆ ದೂರ. ಊರೂರು ತಿರುಗುವ ಒಬ್ಬರನ್ನು ಕರೆದು ಸೂಜಿ ಹಾಕಿಸಿದೆವು. ಬಾವು ಇಳಿಯಲಿಲ್ಲ. ಮರುದಿನ ಬೇರೊಂದು ಮದ್ದು, ಮೂರನೆಯ ದಿನ ಮತ್ತೊಂದು. ಯಾವುದನ್ನೂ ಅದರ ಅವಧಿ ಮುಗಿಯುವವರೆಗೆ ಕೊಡಲಿಲ್ಲ. ಕೊನೆಗೆ ವೈದ್ಯರು ಬಂದು, “ಏನೇನು ಮದ್ದು ಹಾಕಿಸಿದ್ದೀರಿ ಮೇಷ್ಟ್ರೇ?” ಎಂದು ಕೇಳಿದಾಗ ನಾಚಿಕೆಪಟ್ಟು ಒಂದನ್ನು ಮಾತ್ರ ಹೇಳಿ ಎರಡನ್ನು ಮರೆಮಾಚಿದೆವು. ಅವರು ಕೊಟ್ಟದ್ದು ನಾವು ಮರೆಮಾಚಿದ್ದ ಎರಡರಲ್ಲೊಂದು! ನಾಲ್ಕು ದಿನ ವ್ಯರ್ಥವಾಯಿತು. ಹಾಲನ್ನು ಪರೀಕ್ಷೆಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ಆ ಮೊಲೆ ಬತ್ತಿತು. ಹಸು ಉಳಿಯಿತು, ಇಂದಿಗೂ ಮೂರೇ ಮೊಲೆಗಳಲ್ಲಿ ಹಾಲು ಕೊಡುತ್ತಿದೆ.

ಆ ಪರೀಕ್ಷೆಯನ್ನು ವಾಚಕರು ತಿಳಿಯತಕ್ಕದ್ದು. ಗಾಜಿನ ತಟ್ಟೆಯಲ್ಲಿ ರೋಗಾಣುಗಳಿಗೆ ಆಹಾರವಾಗುವ ಗಟ್ಟಿಯಾದ ಗಂಜಿಯಂತಹ ಪದಾರ್ಥವನ್ನು ಹರಡಿ, ಅದರ ಮೇಲೆ ಹಾಲಿನಿಂದ ಬೇರ್ಪಡಿಸಿದ ರೋಗಾಣುಗಳನ್ನು ಬಿತ್ತುತ್ತಾರೆ. ಬಳಿಕ ಬೇರೆ ಬೇರೆ ಮದ್ದು ಹೀರಿದ ಸಣ್ಣ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮರುದಿನ ನೋಡಿದರೆ ತಟ್ಟೆಯ ತುಂಬ ರೋಗಾಣು ಪಾಚಿಯಂತೆ ಬೆಳೆದಿರುತ್ತದೆ. ಕೆಲಸ ಮಾಡುವ ಮದ್ದಿನ ಸುತ್ತ ಮಾತ್ರ ಬೋಳಾದ ವರ್ತುಲ. ಆ ವರ್ತುಲದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ನಮ್ಮ ಹಸುವಿನ ತಟ್ಟೆಯಲ್ಲಿ ಎರಡು ಬಿಲ್ಲೆಗಳ ಸುತ್ತ ಬೋಳೇ ಇರಲಿಲ್ಲವಂತೆ.

ರೋಗಾಣು ಹೀಗೇಕೆ ಮೊಂಡಾಗುತ್ತದೆ? ಕೋಟಿ ರೋಗಾಣುಗಳಲ್ಲಿ ಒಂದೆರಡು ಹುಟ್ಟಿನಿಂದಲೇ ಮದ್ದನ್ನು ತಾಳುವುವು. ಅರೆಬರೆ ಮದ್ದು ಹಾಕಿದಾಗ ಮಿಕ್ಕವು ಸತ್ತು ಇವುಗಳಿಗೆ ಹೊಲವೆಲ್ಲ ಖಾಲಿಯಾಗಿ ಸಿಗುತ್ತದೆ. ಇಷ್ಟೇ ಅಲ್ಲ, ಆ ತಾಳುವ ಗುಣವನ್ನು, ನಾವು ಬಿತ್ತನೆಬೀಜವನ್ನು ನೆರೆಮನೆಗೆ ಕೊಡುವಂತೆ, ಬೇರೆ ಜಾತಿಯ ರೋಗಾಣುಗಳಿಗೂ ಕೊಡಬಲ್ಲವು. ಇದೇ ಹೆಚ್ಚು ಭಯದ ಸಂಗತಿ.

೨೦೧೫ರ ನವೆಂಬರಿನಲ್ಲಿ ಚೀನದ ವಿಜ್ಞಾನಿಗಳು, ಕೊಲಿಸ್ಟಿನ್ ಎಂಬ ಮದ್ದನ್ನು ತಾಳುವ ಇಂಥ ಕೈಬದಲಾಗುವ ಗುಣವನ್ನು ಹಂದಿಯ ರೋಗಾಣುವಿನಲ್ಲಿ ಕಂಡು ಪ್ರಕಟಿಸಿದರು. ಬೇರಾವ ಮದ್ದಿಗೂ ಬಗ್ಗದ ಮನುಷ್ಯರ ರೋಗಕ್ಕೆ ವೈದ್ಯರು ಕೊನೆಗೆ ಹಿಡಿಯುವ ಮದ್ದು ಇದು. ಅದನ್ನೇ ಪ್ರಾಣಿ ಬೇಗ ಮೈತುಂಬಲಿ ಎಂದು ಮೇವಿನಲ್ಲಿ ಬೆರೆಸುತ್ತಿದ್ದರು. ಸುದ್ದಿ ಬಂದ ಕೆಲವೇ ವಾರಗಳಲ್ಲಿ ಡೆನ್ಮಾರ್ಕಿನವರು ತಾವು ಮೊದಲೇ ಓದಿ ದಾಖಲಿಸಿಟ್ಟಿದ್ದ ಸುಮಾರು ೩,೦೦೦ ರೋಗಾಣುಗಳ ವಂಶಲಿಪಿಯನ್ನು ತೆರೆದು ಹುಡುಕಿದರು. ಒಬ್ಬ ರೋಗಿಯಲ್ಲಿಯೂ, ಹೊರದೇಶದಿಂದ ೨೦೧೨ರಿಂದ ೨೦೧೪ರೊಳಗೆ ಬಂದಿದ್ದ ಕೋಳಿಮಾಂಸದ ಐದು ಮಾದರಿಗಳಲ್ಲಿಯೂ ಅದು ಸಿಕ್ಕಿತು. ಚೀನದವರು ಬಚ್ಚಿಟ್ಟಿದ್ದರೆ ಡೆನ್ಮಾರ್ಕಿನವರಿಗೆ ಏನನ್ನು ಹುಡುಕಬೇಕೆಂದೇ ತಿಳಿಯುತ್ತಿರಲಿಲ್ಲ. ೨೦೧೭ರಲ್ಲಿ ಚೀನ ಆ ಮೇವಿನ ಬೆರಕೆಯನ್ನು ನಿಲ್ಲಿಸಿತು. ತರುವಾಯ ಅಲ್ಲಿಯ ಹಂದಿ, ಕೋಳಿಗಳಲ್ಲಿ ಆ ಗುಣ ಕಡಮೆಯಾದುದನ್ನೂ ಅಳೆದು ಹೇಳಿದರು. ನಮ್ಮ ಸರ್ಕಾರ ೨೦೧೯ರ ಜುಲೈನಲ್ಲಿ ಕೋಳಿ, ದನ, ಮೀನು ಮುಂತಾದವುಗಳಿಗೆ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು. ಹಿಂದೆ ನಮ್ಮ ಸೇಲಂ ಜಿಲ್ಲೆಗೇ ಸೇರಿ, ೧೯೯೭ರಲ್ಲಿ ಬೇರೆಯಾದ ನಾಮಕ್ಕಲ್ಲಿನಲ್ಲಿ ಕೋಳಿಗಳು ಕೋಟಿಗಟ್ಟಲೆ ಇರುವುದರಿಂದ ಈ ಆಜ್ಞೆ ನಮಗೆ ದೂರದ ಮಾತಲ್ಲ. ಜಿಲ್ಲೆ ಸೀಳಿದ ಮಾತ್ರಕ್ಕೆ ಮೊಟ್ಟೆಯ ಲಾರಿ ನಿಲ್ಲುವುದಿಲ್ಲವಷ್ಟೆ.

ಲೆಕ್ಕ ಕೂಡಬೇಕಾದರೆ ಅಳತೆ ಒಂದೇ ಆಗಿರಬೇಕು. ಕಿಲೋ ಬರುವ ಮುಂಚೆ ಒಂದು ಸಂತೆಯ ಬಳ್ಳ ಇನ್ನೊಂದು ಸಂತೆಯ ಬಳ್ಳಕ್ಕೆ ಸರಿಹೊಂದದೆ ರಾಗಿ ಮಾರುವಾಗ ನಮ್ಮ ಹಿರಿಯರು ಪಟ್ಟ ಪಾಡು ಗೊತ್ತೇ ಇದೆ. ಇಲ್ಲಿಯೂ ಹಾಗೆಯೇ. ಎಷ್ಟು ಮಿಲಿಮೀಟರ್ ಬೋಳಾದರೆ ‘ಬಗ್ಗುತ್ತದೆ’ ಎನ್ನಬೇಕು ಎಂಬುದರಲ್ಲಿ ಅಮೆರಿಕದ ಪಟ್ಟಿ ಒಂದು, ಯೂರೋಪಿನದು ಮತ್ತೊಂದು. ಆದುದರಿಂದ ‘ಬಗ್ಗಿತು, ಬಗ್ಗಲಿಲ್ಲ’ ಎಂದಷ್ಟೇ ಬರೆಯದೆ ಮಿಲಿಮೀಟರನ್ನೇ ಬರೆದಿಟ್ಟರೆ ಯಾವ ದೇಶದವರಾದರೂ ತಮ್ಮ ಪಟ್ಟಿಯಿಂದ ಓದಿಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ‘ಗ್ಲಾಸ್’ ಎಂಬ ಹೆಸರಿನಲ್ಲಿ ದೇಶದೇಶಗಳ ಇಂಥ ಲೆಕ್ಕ ಕೂಡಿಸಲು ಆರಂಭಿಸಿತು. ನಮ್ಮ ದೇಶವೂ ಅದರಲ್ಲಿ ಸೇರಿದೆ. ದೇಶದೊಳಗೆ ಆಸ್ಪತ್ರೆಗಳ ಲೆಕ್ಕವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ೨೦೧೩ರಿಂದ ಸಂಗ್ರಹಿಸುತ್ತಿದೆ. ದನ, ಕೋಳಿ, ಮೀನುಗಳದ್ದಕ್ಕೆ ಕೃಷಿ ಸಂಶೋಧನಾ ಮಂಡಳಿಯ ಜಾಲವೊಂದಿದೆ.

ಲೆಕ್ಕ ಕೊಡಲು ಹಿಂಜರಿಯುವವರೂ ಇದ್ದಾರೆ, ಅದಕ್ಕೆ ಕಾರಣವೂ ಇದೆ. ದೆಹಲಿಯಲ್ಲಿ ಆಸ್ಪತ್ರೆಯಲ್ಲಿದ್ದು ಸ್ವೀಡನ್ನಿಗೆ ಮರಳಿದ ಒಬ್ಬ ರೋಗಿಯಲ್ಲಿ ೨೦೦೮ರಲ್ಲಿ ಹೊಸ ಬಗೆಯ ಮೊಂಡು ರೋಗಾಣು ಸಿಕ್ಕಿತು. ಅದರ ಗುಣಕ್ಕೆ ‘ನ್ಯೂ ಡೆಲ್ಲಿ’ ಎಂದೇ ಹೆಸರಿಟ್ಟರು. ೨೦೧೦ರ ಆಗಸ್ಟಿನಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಕಾರ್ತಿಕೇಯನ್ ಕುಮಾರಸ್ವಾಮಿಯವರೂ ಇಂಗ್ಲೆಂಡಿನವರೂ ಇತರರೂ ತಮ್ಮ ಲೆಕ್ಕಗಳನ್ನು ಕೂಡಿಸಿ ಪ್ರಕಟಿಸಿದಾಗ ಚೆನ್ನೈಯಲ್ಲಿ ೪೪, ಹರಿಯಾಣದಲ್ಲಿ ೨೬, ಬ್ರಿಟನ್ನಿನಲ್ಲಿ ೩೭ ಕಂಡುಬಂದವು. ಬ್ರಿಟನ್ನಿನ ರೋಗಿಗಳಲ್ಲಿ ಹಲವರು ಭಾರತ, ಪಾಕಿಸ್ತಾನಗಳಿಗೆ ಬಂದುಹೋದವರು. ರಾಜಧಾನಿಯ ಹೆಸರನ್ನು ರೋಗಾಣುವಿಗೆ ಕಟ್ಟಿದರೆಂದು ದೇಶದಲ್ಲಿ ಕೋಪವೆದ್ದಿತು. ಆ ಕೋಪ ನ್ಯಾಯವೆಂದೇ ನಾವು ಎಣಿಸುತ್ತೇವೆ. ಲೆಕ್ಕ ಕೊಟ್ಟವನ ಊರಿಗೆ ಕೆಟ್ಟ ಹೆಸರು ಬರುವುದಾದರೆ ಮುಂದಿನವನು ಬಾಯಿಬಿಡುವನೇ? ಹಾಲಿನ ಸೊಸೈಟಿಯಲ್ಲಿ ನಾಲ್ಕು ಜನ ಏನೆಂದಾರೋ ಎಂದು ನಾವು ವೈದ್ಯರ ಮುಂದೆ ಮಾಡಿದ್ದೂ ಅದನ್ನೇ. ಆದರೆ ಲೆಕ್ಕ ಮಾತ್ರ ಸುಳ್ಳಾಗಿರಲಿಲ್ಲ.

ಈಗ ನಮ್ಮ ಕೊಟ್ಟಿಗೆಯ ಗೋಡೆಗೆ ಒಂದು ಪುಸ್ತಕ ಕಟ್ಟಿದ್ದೇವೆ: ದಿನಾಂಕ, ಯಾವ ದನ, ಮದ್ದಿನ ಹೆಸರು, ಎಷ್ಟು ದಿನ, ಹಾಲನ್ನು ಎಂದಿನವರೆಗೆ ಡಬ್ಬಿಗೆ ಹಾಕಬಾರದು. ಕಡೆಯದು ಮದ್ದಿನ ಚೀಟಿಯ ಮೇಲೆಯೇ ಇರುತ್ತದೆ.

ಕೆಚ್ಚಲು ಬಾತರೆ ಹಾಲಿನ ಮಾದರಿಯನ್ನು ಮದ್ದು ಹಾಕಿಸುವ ಮೊದಲೇ ತೆಗೆಯಬೇಕು. ಕೈ, ಮೊಲೆಗಳನ್ನು ತೊಳೆದು ಒರೆಸಿ, ಮೊಲೆಯ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ, ಮೊದಲ ಮೂರು ನಾಲ್ಕು ಧಾರೆಗಳನ್ನು ಬೇರೆಡೆ ಚೆಲ್ಲಿ, ಆಸ್ಪತ್ರೆಯವರು ಕೊಡುವ ಶುದ್ಧವಾದ ಸೀಸೆಗೆ ಕರೆಯಿರಿ. ಸೀಸೆಯ ಬಾಯಿಗೆ ಬೆರಳಾಗಲಿ ಮೊಲೆಯಾಗಲಿ ತಾಗಬಾರದು. ಮಂಜುಗಡ್ಡೆಯಲ್ಲಿಟ್ಟು ಆ ದಿನವೇ ತಲುಪಿಸಿರಿ. ಸೀಸೆಯ ಮೇಲಿನ ಚೀಟಿಯಲ್ಲಿ ಯಾವ ಮೊಲೆ ಎಂಬುದನ್ನು ಬರೆಯಿರಿ; ಮೊದಲೇ ಯಾರಿಂದಲಾದರೂ ಸೂಜಿ ಹಾಕಿಸಿದ್ದರೆ ಅದನ್ನೂ, ಮೂರಿದ್ದರೆ ಮೂರನ್ನೂ ಬರೆಯಿರಿ.