ಅಕ್ಷರ ಬಂತು, ಅರ್ಥ ಬರಬೇಡವೇ?

‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂಬ ಗಾದೆಯನ್ನು ಹೊರನಾಡಿನಲ್ಲಿ ಹುಟ್ಟಿ ಬೆಳೆದ ನೀವೂ ಹಿರಿಯರ ಬಾಯಲ್ಲಿ ಕೇಳಿರಬಹುದು. ಸಂಘದ ಕನ್ನಡ ತರಗತಿಗೆ ಹೋಗುವ ನಿಮ್ಮ ತಮ್ಮನೋ ತಂಗಿಯೋ, ಅಕ್ಕನ ಮಗುವೋ, ನಿಮ್ಮದೇ ಮಗುವೋ ಒತ್ತಕ್ಷರವನ್ನೂ ತಪ್ಪದೆ ಒಂದು ಪುಟ ಓದಿದರೆ ಮನೆಮಂದಿಗೆಲ್ಲ ಹಿಗ್ಗು. ಆದರೆ ಪುಸ್ತಕ ಮುಚ್ಚಿ, ‘ಏನು ಓದಿದೆ, ಹೇಳು ನೋಡೋಣ’ ಎಂದರೆ ಎಷ್ಟೋ ಮಕ್ಕಳು ಸುಮ್ಮನಾಗುತ್ತಾರೆ. ಶಾಲೆಯ ಇಂಗ್ಲಿಷ್ ಪಾಠದಲ್ಲೂ ಹೀಗೆ ಆಗುವುದುಂಟು.

ಇದು ಹೊಸ ಸಂಗತಿಯಲ್ಲ. ಹದಿನೇಳನೆಯ ಶತಮಾನದ ಇಂಗ್ಲಿಷ್ ಕವಿ ಮಿಲ್ಟನ್ ಕುರುಡನಾದ ಮೇಲೆ, ತನ್ನ ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್ ಮುಂತಾದ ಭಾಷೆಗಳ ಉಚ್ಚಾರವನ್ನಷ್ಟೇ ಕಲಿಸಿ ಗ್ರಂಥಗಳನ್ನು ಓದಿಸುತ್ತಿದ್ದನಂತೆ. ಓದುವವರಿಗೆ ಅರ್ಥ ತಿಳಿಯದು, ಕೇಳುವವನಿಗೆ ಅಕ್ಷರ ಕಾಣದು! 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬ ವಿದ್ವಾಂಸರು ಓದನ್ನು ಒಂದು ಸರಳ ಲೆಕ್ಕವಾಗಿ ಹೇಳಿದರು. ಅಕ್ಷರ ಬಿಡಿಸುವ ಶಕ್ತಿ ಒಂದು, ಮಾತನ್ನು ಕೇಳಿ ತಿಳಿಯುವ ಶಕ್ತಿ ಇನ್ನೊಂದು. ಇವೆರಡನ್ನೂ ಕೂಡಿಸುವುದಲ್ಲ, ಗುಣಿಸಬೇಕು. ಯಾವುದೊಂದು ಸೊನ್ನೆಯಾದರೂ ಓದೇ ಸೊನ್ನೆ.

ಮೊದಲನೆಯದನ್ನು ತರಗತಿ ಕೊಟ್ಟೀತು. ಎರಡನೆಯದು ಬೆಳೆಯುವುದು ಮನೆಯ ಮಾತಿನಲ್ಲಿ. ಆದ್ದರಿಂದ ‘ನನಗೇ ಕನ್ನಡ ಓದಲು ಬಾರದು, ಮಗುವಿಗೇನು ಹೇಳಿಕೊಡಲಿ’ ಎಂದು ನೀವು ಹಿಂದೆ ಸರಿಯಬೇಕಿಲ್ಲ. ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ, ಕೇಳಿದ್ದರ ಬಗ್ಗೆ ಮಾತಾಡಿ.

ಒಂದು ಉದಾಹರಣೆ ನೋಡೋಣ. ‘ಅಜ್ಜಿ ಅಂಗಳದಲ್ಲಿ ಹಪ್ಪಳ ಹರವಿದ್ದರು. ಆಕಾಶ ಕಪ್ಪಿಟ್ಟಿತು. ಮಕ್ಕಳೇ, ಬೇಗ ಓಡಿ ಬನ್ನಿ ಎಂದು ಕೂಗಿದರು.’ ಅಜ್ಜಿ ಹರವಿದ್ದು ಏನನ್ನು ಎಂದು ಕೇಳಿದರೆ ಮಗು ಉತ್ತರ ಹೇಳುತ್ತದೆ. ಅದು ಸಾಲಿನಲ್ಲೇ ಇದೆ. ಅಜ್ಜಿ ಕೂಗಿದ್ದೇಕೆ? ಇದರ ಉತ್ತರ ಸಾಲಿನಲ್ಲಿಲ್ಲ. ಮಳೆ ಬಂದರೆ ಹಪ್ಪಳ ನೆನೆಯುತ್ತದೆ, ಎತ್ತಿಡಲು ಕೈ ಬೇಕು ಎಂಬುದನ್ನು ಓದುವವರೇ ಸೇರಿಸಿಕೊಳ್ಳಬೇಕು. ಹಪ್ಪಳವನ್ನು ಅಂಗಡಿಯ ಪೊಟ್ಟಣದಲ್ಲಿ ಮಾತ್ರ ಕಂಡ ಮಗುವಿಗೆ ಪ್ರತಿ ಪದ ಗೊತ್ತಿದ್ದರೂ ಕಥೆ ತಿಳಿಯದು. ಬೇಸಿಗೆಯಲ್ಲಿ ಊರಿಗೆ ಹೋದಾಗ ಮಗುವಿಗೆ ಅಂಗಳ, ಕಣಜ, ಗದ್ದೆ, ಸಂತೆ ತೋರಿಸಿ ಅವುಗಳ ಹೆಸರು ಹೇಳುವುದೂ ಓದಿನ ಪಾಠವೇ.

ನಮ್ಮ ಮಕ್ಕಳಿಗೆ ಇನ್ನೂ ಕೆಲವು ತೊಡಕುಗಳಿವೆ. ಮನೆಯಲ್ಲಿ ‘ಬರ್ತೀನಿ’ ಎಂದೋ ‘ಬರ್ತೇನೆ’ ಎಂದೋ ಕೇಳಿದ್ದು ಪುಸ್ತಕದಲ್ಲಿ ‘ಬರುತ್ತೇನೆ’ ಆಗುತ್ತದೆ. ಎರಡೂ ಒಂದೇ ಎಂದು ಬಿಡಿಸಿ ಹೇಳಬೇಕು. ಕನ್ನಡ ವಾಕ್ಯದಲ್ಲಿ ಕರ್ತೃಪದ ಎಷ್ಟೋ ಸಲ ಅಡಗಿರುತ್ತದೆ. ‘ಬಂದಳು, ಕೂತಳು’ ಎಂದಾಗ ‘ಯಾರು ಬಂದದ್ದು?’ ಎಂದು ಕೇಳಿ. ನೆರೆಭಾಷೆಯ ಪದಗಳೂ ದಾರಿ ತಪ್ಪಿಸುತ್ತವೆ. ದೆಹಲಿಯ ಮಗುವಿಗೆ ‘ಶಿಕ್ಷಾ’ ಎಂದರೆ ವಿದ್ಯೆ, ನಮ್ಮ ‘ಶಿಕ್ಷೆ’ ದಂಡನೆ. ಹಿಂದಿಯ ‘ಉಪನ್ಯಾಸ್’ ಕಾದಂಬರಿ, ನಮ್ಮ ‘ಉಪನ್ಯಾಸ’ ಭಾಷಣ. ‘ಅವಸರ’ ನಮಗೆ ಆತುರ, ಹಿಂದಿಯಲ್ಲಿ ಅವಕಾಶ, ಹೈದರಾಬಾದಿನ ತೆಲುಗಿನಲ್ಲಿ ಅಗತ್ಯ. ಇಂಥ ಪದಗಳನ್ನು ಮಗುವಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿದರೆ ಅದೊಂದು ಆಟವಾಗುತ್ತದೆ.

ಕೂತು ಓದಿಸುವುದು ಹೇಗೆ? ಪಾಲಿನ್ಸಾರ್ ಮತ್ತು ಬ್ರೌನ್ ಎಂಬ ಸಂಶೋಧಕಿಯರು 1984ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ನಾಲ್ಕು ಕೆಲಸಗಳಿವೆ. ಮುಂದೇನಾಗಬಹುದೆಂದು ಊಹಿಸುವುದು, ತಿಳಿಯದ್ದನ್ನು ಬಿಡಿಸಿಕೊಳ್ಳುವುದು, ಪ್ರಶ್ನೆ ಕೇಳುವುದು, ಓದಿದ್ದರ ಸಾರ ಹೇಳುವುದು. ಮೊದಮೊದಲು ನೀವು ಮಾಡಿ ತೋರಿಸಿ. ಆಮೇಲೆ ಮಗುವೇ ಮೇಷ್ಟ್ರಾಗಲಿ, ನೀವು ವಿದ್ಯಾರ್ಥಿಯಾಗಿ. ಒಳ್ಳೆಯ ಪ್ರಶ್ನೆ ಕೇಳಬೇಕಾದರೆ ಮಗು ಕಥೆಯನ್ನು ತಿಳಿದೇ ಓದಬೇಕಲ್ಲವೇ? ದಿನಕ್ಕೆ ಹದಿನೈದು ನಿಮಿಷ ಸಾಕು. ಆದರೆ ಅದು ಪರೀಕ್ಷೆಯಾಗಬಾರದು. ಪ್ರತಿ ಉಚ್ಚಾರಕ್ಕೂ ತಡೆದು ತಿದ್ದಿದರೆ ಕಥೆಯ ಎಳೆ ಕಡಿದುಹೋಗುತ್ತದೆ. ವಾಕ್ಯ ಮುಗಿಯಲಿ, ಆಮೇಲೆ ತಿದ್ದಿ.

ಪುಸ್ತಕ ಸಿಗದೆಂಬ ಕೊರಗು ಈಗ ಬೇಡ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಅವು ಓದಿನ ಹಂತಕ್ಕೆ ತಕ್ಕಂತೆ ನಾಲ್ಕು ಮೆಟ್ಟಿಲುಗಳಲ್ಲಿವೆ. ತರಗತಿ ಯಾವುದೆಂದು ನೋಡದೆ ಮಗುವಿಗೆ ಹಿಡಿಸುವ ಮೆಟ್ಟಿಲಿನಿಂದ ಶುರುಮಾಡಿ.

ಕನ್ನಡಕ್ಕೆ ಕೊಟ್ಟ ವೇಳೆ ಶಾಲೆಯ ಓದಿಗೆ ನಷ್ಟವೆಂದು ಅಂಜುವವರಿದ್ದಾರೆ. ಒಂದು ಭಾಷೆಯಲ್ಲಿ ಕಲಿತ ಊಹೆ, ಪ್ರಶ್ನೆ, ಸಾರಗ್ರಹಣದ ಅಭ್ಯಾಸ ಇನ್ನೊಂದು ಭಾಷೆಗೂ ನೆರವಾಗುತ್ತದೆಂದು ಕೆನಡಾದ ವಿದ್ವಾಂಸ ಜಿಮ್ ಕಮಿನ್ಸ್ 1979ರಷ್ಟು ಹಿಂದೆಯೇ ವಾದಿಸಿದ್ದರು.

ಯುವ ಮಿತ್ರರೇ, ಊರಿನಿಂದ ಬಂದ ಹಿರಿಯರ ಕನ್ನಡವನ್ನು ಕಿವಿಯಾರೆ ಕೇಳಿ ಬೆಳೆದವರು ನೀವು. ನಿಮ್ಮ ನಂತರದ ಮಕ್ಕಳಿಗೆ ಆ ಭಾಗ್ಯ ತಾನಾಗಿ ಸಿಗಲಾರದು. ನಾಮಫಲಕ ಓದುವಷ್ಟು ಕನ್ನಡ ಅವರಿಗೆ ಹೇಗೋ ಬಂದೀತು. ಅಜ್ಜ ಬರೆದಿಟ್ಟ ಹಳೆಯ ಕಾಗದವನ್ನು ಓದಿ ನಗುವಷ್ಟು, ಕಣ್ಣು ಒದ್ದೆ ಮಾಡಿಕೊಳ್ಳುವಷ್ಟು ಕನ್ನಡ ಬರಬೇಕಾದರೆ ನೀವು ಪಕ್ಕದಲ್ಲಿ ಕೂರಬೇಕು. ಇಂದು ಸಂಜೆಯೇ ಒಂದು ಕಥೆ ಕೈಗೆತ್ತಿಕೊಳ್ಳಿ.