ಡಾಂಬರು ತೆಗೆದ ನೆಲದಲ್ಲಿ ಮಕ್ಕಳ ತೋಟ: ಬರ್ಕ್ಲಿಯ ಎರಡು ಶಾಲಾ ಅಂಗಳಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಮೇಲಿರುವ ಬರ್ಕ್ಲಿ ನಗರವು ತನ್ನ ವಿಶ್ವವಿದ್ಯಾಲಯದಿಂದ ಹೆಸರಾದಂತೆಯೇ, ಶಾಲೆಯ ಅಂಗಳವನ್ನು ಕಲಿಕೆಯ ನೆಲೆಯಾಗಿಸಿದ ಎರಡು ಪ್ರಯೋಗಗಳಿಂದಲೂ ಶಿಕ್ಷಣ ಚಿಂತಕರ ಗಮನ ಸೆಳೆದಿದೆ.

ಮೊದಲನೆಯದು ವಾಷಿಂಗ್ಟನ್ ಪ್ರಾಥಮಿಕ ಶಾಲೆಯ ‘ಎನ್ವಿರಾನ್‌ಮೆಂಟಲ್ ಯಾರ್ಡ್’, ಅಂದರೆ ಪರಿಸರ ಅಂಗಳ. ಸುಮಾರು ಒಂದೂವರೆ ಎಕರೆಯ ಆ ಅಂಗಳವು ಹಿಂದೆ ಡಾಂಬರು ಹಾಸಿದ ಬಯಲಾಗಿದ್ದು, ಚೆಂಡಾಟಕ್ಕೆ ಒದಗುತ್ತಿತ್ತೇ ಹೊರತು ಅಲ್ಲಿ ಮಕ್ಕಳು ಕೈಯಾಡಿಸಬಹುದಾದ ಮಣ್ಣಿರಲಿಲ್ಲ. 1970ರ ದಶಕದ ಆರಂಭದಲ್ಲಿ ಶಾಲೆಯ ಮುಖ್ಯಸ್ಥರಾಗಿದ್ದ ಹರ್ಬ್ ವಾಂಗ್ ಅವರೂ, ನೆಲ, ನೀರು, ಗಿಡಮರಗಳನ್ನು ಜನರ ಬಳಕೆಗೆ ಒಗ್ಗುವಂತೆ ಹೊಂದಿಸುವ ಭೂದೃಶ್ಯ ವಿನ್ಯಾಸವನ್ನು ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ರಾಬಿನ್ ಮೂರ್ ಅವರೂ ಜೊತೆಗೂಡಿ ಅದನ್ನು ಬದಲಿಸಲು ಮುಂದಾದರು. ಜಾಗವನ್ನು ಬಳಸುವವರೇ ಅದರ ರೂಪವನ್ನು ನಿರ್ಧರಿಸುವ ಕ್ರಮಕ್ಕೆ ಸಹಭಾಗಿ ವಿನ್ಯಾಸ ಎನ್ನುತ್ತಾರೆ. ಇಲ್ಲಿಯೂ ಮಕ್ಕಳು, ಶಿಕ್ಷಕರು ಮತ್ತು ಪೋಷಕರ ಅಪೇಕ್ಷೆಗಳನ್ನು ಕೇಳಿ ತಿಳಿದ ಮೇಲೆಯೇ ನಕ್ಷೆ ರೂಪುಗೊಂಡಿತು. ಸುಮಾರು ಅರ್ಧ ಎಕರೆಯಷ್ಟು ಡಾಂಬರನ್ನು ಕಿತ್ತು, ಅಲ್ಲಿ ಕೊಳ, ತೊರೆ, ಹುಲ್ಲುಗಾವಲು ಮತ್ತು ಮರಗಳ ತೋಪನ್ನು ರೂಪಿಸಲಾಯಿತು. ಆಟಕ್ಕೆ ಬೇಕಾದ ಗಟ್ಟಿ ನೆಲವನ್ನೂ ಉಳಿಸಿಕೊಳ್ಳಲಾಯಿತು.

ಮೂರ್ ಅವರು ಈ ಅಂಗಳದಲ್ಲಿ ಮಕ್ಕಳ ಆಟವನ್ನು ವರ್ಷಗಳ ಕಾಲ ಗಮನಿಸಿ, ಗಿಡಮರಗಳಿರುವ ಭಾಗದಲ್ಲಿ ಹುಡುಗ ಹುಡುಗಿಯರು ಹೆಚ್ಚಾಗಿ ಕೂಡಿ ಆಡುತ್ತಿದ್ದುದನ್ನು ದಾಖಲಿಸಿದರು. ವಾಂಗ್ ಅವರೊಡನೆ ಅವರು ಬರೆದ ಈ ಅಂಗಳದ ಚರಿತ್ರೆಯು ‘ನ್ಯಾಚುರಲ್ ಲರ್ನಿಂಗ್’ ಎಂಬ ಹೆಸರಿನಲ್ಲಿ 1997ರಲ್ಲಿ ಪ್ರಕಟವಾಯಿತು.

ಎರಡನೆಯದು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಮಾಧ್ಯಮಿಕ ಶಾಲೆಯಲ್ಲಿ, ಪಾಕತಜ್ಞೆ ಆಲಿಸ್ ವಾಟರ್ಸ್ ಅವರ ಪ್ರೇರಣೆಯಿಂದ 1995ರಲ್ಲಿ ಆರಂಭವಾದ ‘ಎಡಿಬಲ್ ಸ್ಕೂಲ್‌ಯಾರ್ಡ್’. ಒಂದು ಎಕರೆಯ ಈ ತೋಟವೂ ಡಾಂಬರು ತೆಗೆದ ಜಾಗದಲ್ಲಿಯೇ ಎದ್ದುದರಿಂದ, ಮೊದಲು ಮಣ್ಣಿನ ಸತ್ವವನ್ನು ಹೆಚ್ಚಿಸುವ ಹೊದಿಕೆ ಬೆಳೆಯನ್ನು ಬಿತ್ತಿ, ಅದನ್ನು ನೆಲಕ್ಕೇ ಸೇರಿಸಿ, ಬಳಿಕವೇ ತರಕಾರಿ ಮತ್ತು ಹಣ್ಣಿನ ಗಿಡಗಳಿಗೆ ಕೈಹಾಕಲಾಯಿತು. ತೋಟದ ತರಗತಿಗೆ ಬಂದ ಮಕ್ಕಳು ವೃತ್ತಾಕಾರವಾಗಿ ಕುಳಿತು, ಆ ದಿನ ಆಗಬೇಕಾದ ಕೆಲಸಗಳ ವಿವರವನ್ನು ಕೇಳಿ, ಕಳೆ ತೆಗೆಯುವುದು, ಕಾಂಪೋಸ್ಟ್ ಮಗುಚುವುದು, ಸಸಿ ನೆಡುವುದು, ಕೊಯ್ಲು ಮಾಡುವುದು ಮುಂತಾದವುಗಳಲ್ಲಿ ಒಂದನ್ನು ತಾವೇ ಆರಿಸಿಕೊಂಡು ಸಣ್ಣ ಗುಂಪುಗಳಾಗಿ ಹೊರಡುತ್ತಾರೆ. ಅವರು ಬೆಳೆದದ್ದು ಶಾಲೆಯ ಅಡುಗೆಮನೆ ತರಗತಿಯಲ್ಲಿ ಅವರ ಕೈಯಿಂದಲೇ ಊಟವಾಗುತ್ತದೆ.

ಈ ಎರಡೂ ಅಂಗಳಗಳನ್ನು ಒಟ್ಟಿಗೆ ನೋಡಿದಾಗ, ಯೋಜನೆ ಮತ್ತು ಆರೈಕೆಗಳು ಬೇರೆ ಬೇರೆಯಲ್ಲವೆಂಬುದು ಸ್ಪಷ್ಟವಾಗುತ್ತದೆ. ಅಂಗಳ ಹೇಗಿರಬೇಕೆಂದು ಹೇಳಿದ ಮಕ್ಕಳು ಕೆಲವೇ ವರ್ಷಗಳಲ್ಲಿ ಶಾಲೆ ಬಿಟ್ಟು ಹೋಗುತ್ತಾರೆ. ಅವರ ಜಾಗಕ್ಕೆ ಬರುವ ಮಕ್ಕಳಿಗೆ ನೀರು ಹಾಕುವ ಹೊಣೆಯನ್ನು ಮಾತ್ರ ವಹಿಸಿ, ಏನನ್ನು ಎಲ್ಲಿ ಬೆಳೆಯಬೇಕೆಂಬ ತೀರ್ಮಾನವನ್ನು ಹಿರಿಯರೇ ಉಳಿಸಿಕೊಂಡರೆ, ತೋಟದ ಕೆಲಸ ಅವರ ಪಾಲಿಗೆ ಬರಿಯ ಬಿಟ್ಟಿಚಾಕರಿಯಾಗುತ್ತದೆ. ಆದುದರಿಂದ ಶಾಲೆಯ ಅಂಗಳವನ್ನು ಒಮ್ಮೆ ಕಟ್ಟಿ ಮುಗಿಸುವ ಕಾಮಗಾರಿಯೆಂದು ಬಗೆಯದೆ, ಒಂದಿಷ್ಟು ನೆಲವನ್ನಾದರೂ ಬೇಕೆಂದೇ ಖಾಲಿ ಬಿಟ್ಟು, ಅಲ್ಲಿ ಏನಾಗಬೇಕೆಂಬ ಪ್ರಶ್ನೆಯನ್ನು ಪ್ರತಿ ವರ್ಷದ ಮಕ್ಕಳ ಮುಂದೆಯೂ ಇಡುವುದು ಹಿರಿಯರ ಕರ್ತವ್ಯವಾಗಿದೆ.