ವ್ಯಾನ್‌ದಾಗ ಮಲಗಿ ಕಡಲು ನೋಡೋದು: ಅಂದೋಲಾದಿಂದ ಹೊರಡೋ ಮೊದಲು

ಹೋದ ವಾರ ಒಬ್ಬ ತಮ್ಮ ಒಂದು ರೀಲ್ ಕಳಿಸಿದ್ದ. ಸ್ಪೇನ್ ದೇಶದ ಕಡಲ ದಂಡಿ, ಒಂದು ಬಿಳಿ ವ್ಯಾನ್, ಹಿಂದಿನ ಬಾಗಿಲು ತೆಗೆದು ಇಬ್ಬರು ಕಾಫಿ ಕುಡೀತಾ ಕೂತಾರ. ಕೆಳಗ ಬರೆದಿದ್ದ: "ಅಣ್ಣಾ, ನಾವೂ ಹಿಂಗ ಹೋಗ್ಲಾಕ ಆಗ್ತದೇನು?"

ಆಗ್ತದ. ನಾನೇ ಹೋಗಿ ಬಂದೀನಿ, ಅದೂ ನಮ್ಮವ್ವನ್ನ ಕರಕೊಂಡು. ಅವ್ವ, ನಮ್ಮ ಕಾಕಾ, ಇಬ್ಬರು ಗೆಳೆಯರು, ನಾನು. ತೊಗರಿ ರಾಶಿ ಮುಗಿದಿತ್ತು, ಮಾರ್ಚ್ ಮೊದಲ ವಾರ. ಆದ್ರ ರೀಲ್‌ದಾಗ ತೋರಿಸದ ಕೆಲವು ಸಂಗತಿ ಅದಾವ. ಇವತ್ತು ಅವನ್ನೇ ಹೇಳ್ತೀನಿ.

ಮೊದಲು ಲೆಕ್ಕ, ಯಾಕಂದ್ರ ಬಿ.ಕಾಂ ಓದಿದವರಿಗೆ ಅದೇ ಮೊದಲು ಹೊಳೆಯೋದು. ಜೇವರ್ಗಿ, ಸಿಂದಗಿ, ವಿಜಯಪುರ. ಅಲ್ಲಿಂದ ಹುಬ್ಬಳ್ಳಿ, ಯಲ್ಲಾಪುರ, ಆಮೇಲೆ ಅರಬೈಲ್ ಘಾಟ್ ಇಳಿದ್ರ ಅಂಕೋಲಾ. ಹತ್ತಿರ ಹತ್ತಿರ 470 ಕಿ.ಮೀ. ಅಂಕೋಲಾದಿಂದ ಕಡಲ ಪಕ್ಕದ ಹೆದ್ದಾರಿ 66 ಹಿಡಿದು ಕುಮಟಾ, ಹೊನ್ನಾವರ, ಭಟ್ಕಳ ದಾಟಿ ಮರವಂತೆತನಕ ಸುಮಾರು 130. ಹೋಗಿ ಬಂದ್ರ 1200 ಕಿ.ಮೀ. ಅಂತ ಹಿಡೀರಿ. ಗಾಡಿ ಲೀಟರ್‌ಗೆ 10 ಕೊಟ್ರ 120 ಲೀಟರ್ ಡೀಸೆಲ್. ಲೀಟರ್ 90 ರೂಪಾಯಿ ಅಂದ್ರೂ 10,800. ಐದು ಮಂದಿಗೆ ಹಂಚಿದ್ರ ತಲೆಗೆ 2,160. ಊಟದ ಖರ್ಚು ನಮಗ ಜಾಸ್ತಿ ಬರಲಿಲ್ಲ. ಅವ್ವ ಎರಡು ಡಬ್ಬಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದ್ದಳು. ಫ್ರಿಡ್ಜ್ ಬೇಡ, ಏನೂ ಬೇಡ. ಸ್ಪೇನ್‌ದವರಿಗೆ ಈ ಸೌಲಭ್ಯ ಇಲ್ಲ ನೋಡ್ರಿ!

ಈಗ ಮುಖ್ಯ ಮಾತು: ಗಾಡಿ ಯಾರದು?

ನಮಗಿಂತ ಒಂದು ವರ್ಷ ಮೊದಲು ನಮ್ಮ ಕಡೆಯ ನಾಲ್ಕು ಹುಡುಗರು ಹಿಂಗೇ ಹೋಗಿದ್ರು. ಪರಿಚಯದವರ ಬಿಳಿ ಬೋರ್ಡ್ ಗಾಡಿ, ಬಾಡಿಗೆ ಕಡಿಮೆ. ಯಲ್ಲಾಪುರ ಹತ್ತಿರ ಒಂದು ತಿರುವಿನಲ್ಲಿ ಗಾಡಿ ಮಗ್ಗುಲಾಯ್ತು. ಪುಣ್ಯಕ್ಕ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಆದ್ರ ಇನ್ಶೂರೆನ್ಸ್‌ದವರು ಬಂದು ಕೇಳಿದ್ದು ಒಂದೇ ಪ್ರಶ್ನೆ: ಬಾಡಿಗೆಗೆ ಓಡ್ತಿತ್ತಾ? ಒಬ್ಬ ಹುಡುಗ ಮುಗ್ಧನಾಗಿ ಹೂಂ ಅಂದ. ಕ್ಲೇಮ್ ಅಲ್ಲಿಗೇ ಮುಗೀತು. ರಿಪೇರಿ ಖರ್ಚಿಗೆ ತೆಗೆದ ಸಾಲದ ಕಂತು ಆ ಹುಡುಗರು ಇನ್ನೂ ಕಟ್ಟಲಿಕತ್ತಾರ.

ಇದು ಮೋಸ ಅಲ್ಲ, ಪಾಲಿಸಿ ಒಳಗೇ ಬರೆದಿರ್ತದ. ಖಾಸಗಿ ಗಾಡಿಯ ಪಾಲಿಸಿ ತೆಗೆದು, "ಬಳಕೆಯ ಮಿತಿ" ಅನ್ನೋ ಜಾಗ ಓದ್ರಿ. ಬಾಡಿಗೆಗೆ ಓಡಿಸಿದ್ರ ರಕ್ಷಣೆ ಇಲ್ಲ ಅಂತ ಅದ. ಡ್ರೈವರ್ ಸಮೇತ ಬಾಡಿಗೆ ಅಂದ್ರ ಹಳದಿ ಬೋರ್ಡ್, ಪರ್ಮಿಟ್ ಬೇಕು. ನೀವೇ ಓಡಿಸ್ತೀರಿ ಅಂದ್ರ ಕಪ್ಪು ಹಲಗೆ ಮೇಲೆ ಹಳದಿ ಅಕ್ಷರದ ನಂಬರ್ ಇರೋ ಗಾಡಿ. ನಮ್ಮ ಕಾಕಾಂದು ಹಳದಿ ಬೋರ್ಡ್ ಕ್ರೂಸರ್. ಅದಕ್ಕೇ ನಾವು ನಿಶ್ಚಿಂತಿ ಇದ್ವಿ.

ಇನ್ನೊಂದು. ಹಳೇ ಓಮ್ನಿ ತಗೊಂಡು, ಸೀಟು ಕಿತ್ತು, ಹಾಸಿಗೆ, ಒಲೆ ಕೂಡಿಸಿ ಕ್ಯಾಂಪರ್ ಮಾಡ್ತೀನಿ ಅನ್ನೋರು ಬಾಳ ಮಂದಿ ಇದಾರ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದ್ರಿ. ಕಂಪನಿ ಮಾಡಿಕೊಟ್ಟ ರೂಪಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳ್ಯಾದ. ಹಾಸಿಗೆ ಒಯ್ದು ಹಾಸೋದು ಬೇರೆ, ಗಾಡಿನೇ ಕೊರೆದು ಕೂಡಿಸೋದು ಬೇರೆ. ಕ್ಯಾರವಾನ್ ಅಂತಲೇ ನೋಂದಣಿ ಆದ ಗಾಡಿಗಳು ನಮ್ಮ ದೇಶದಾಗೂ ಅದಾವ; ಪಕ್ಕದ ಕೇರಳ 2021ರಲ್ಲಿ ಇದಕ್ಕಂತಲೇ ಒಂದು ನೀತಿ ತಂದದ.

ಸ್ಪೇನ್‌ದಾಗ ಒಂದು ಚಂದದ ವ್ಯತ್ಯಾಸ ಮಾಡ್ಯಾರ. ಗಾಡಿ ನಿಲ್ಲಿಸೋದು ಬೇರೆ, ಠಿಕಾಣಿ ಹೂಡೋದು ಬೇರೆ. ಸರಿಯಾದ ಪಾರ್ಕಿಂಗ್‌ದಾಗ ಗಾಡಿ ನಿಲ್ಲಿಸಿ ಒಳಗ ಮಲಗಿದ್ರ ಅದು ಪಾರ್ಕಿಂಗ್. ಕುರ್ಚಿ, ಮೇಜು, ನೆರಳಿನ ಚಪ್ಪರ ಹೊರಗ ಬಂತೋ, ಅದು ಕ್ಯಾಂಪಿಂಗ್. ಅಂದ್ರ ಆ ರೀಲ್‌ದಾಗ ಕಡಲ ದಂಡಿಗೇ ಹಚ್ಚಿ ನಿಲ್ಲಿಸಿದ ವ್ಯಾನ್ ಅದಲ್ಲ, ಅಲ್ಲಿಯ ಕರಾವಳಿ ಕಾಯ್ದೆ ಪ್ರಕಾರ ಅದಕ್ಕೇ ದಂಡ ಬೀಳಬಹುದು! ನಮ್ಮ ಕಡೆ ಕೇಳಿ ನಿಲ್ಲಿಸೋದೇ ದಾರಿ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವ ಹೆದ್ದಾರಿ. ನೋಡಿದ್ರ ಅಲ್ಲೇ ಮಲಗಬೇಕು ಅನಸ್ತದ. ಲಾರಿಗಳು ಹೋಗೋ ವೇಗ ನೋಡಿದ್ರ ಅನಸಂಗಿಲ್ಲ.

ಮಲಗೋ ಮಾತು ಬಂತು. ಮೊದಲ ರಾತ್ರಿ ನಾವೆಲ್ಲ ಗಾಡಿಯಾಗೇ ಮಲಗಿದ್ವಿ. ಅಂದ್ರ ಮಲಗಲಿಕ್ಕೆ ಪ್ರಯತ್ನ ಮಾಡಿದ್ವಿ. ನಮ್ಮೂರಾಗ ಏಪ್ರಿಲ್‌ದಾಗ 40 ಡಿಗ್ರಿ ದಾಟ್ತದ, ಇಲ್ಲಿ ಹಗಲಿಗೆ 33-34, ಏನು ಮಹಾ ಅಂದ್ಕೊಂಡಿದ್ದೆ. ನಮ್ಮದು ಒಣ ಬಿಸಿಲು. ಬೆವರು ಆರ್ತದ, ಮೈ ತಂಪಾಗ್ತದ. ಕಡಲ ಹತ್ತಿರ ಗಾಳಿಯಲ್ಲೇ ನೀರು ತುಂಬಿರ್ತದ, ಬೆವರು ಆರಂಗಿಲ್ಲ. ಕಿಟಕಿ ತೆಗೆದ್ರ ಸೊಳ್ಳಿ, ಹಾಕಿದ್ರ ಉಸಿರುಗಟ್ಟೋದು. "ಎಸಿ ಹಾಕು" ಅಂದ ಗೆಳೆಯ. ಕಾಕಾ ಬೈದು ಬಿಟ್ಟರು, ಸರಿಯಾಗೇ ಬೈದ್ರು. ನಿಂತ ಗಾಡಿಯ ಇಂಜಿನ್ ಚಾಲೂ ಇಟ್ಟು ಮಲಗಿದ್ರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಒಳಗ ಸೇರಬಹುದು. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ, ಎಚ್ಚರ ಆಗೋದೇ ಇಲ್ಲ. ಮುಚ್ಚಿದ ಗಾಡಿಯಾಗ ಒಲೆ ಹಚ್ಚೋದಕ್ಕೂ ಇದೇ ಮಾತು. ಎರಡನೇ ರಾತ್ರಿ ಅವ್ವಗ ರೂಮ್ ಮಾಡಿದ್ವಿ, ನಾವು ಸೊಳ್ಳಿ ಪರದೆ ಕಟ್ಟಿ ಮಲಗಿದ್ವಿ. ಇದರಾಗ ಸೋಲು ಏನಿಲ್ಲ.

ಅರಬೈಲ್ ಘಾಟ್ ಬಗ್ಗೆ ಎರಡೇ ಮಾತು. ಬಯಲು ಸೀಮೆಯಾಗ ಗಾಡಿ ಓಡಿಸಿದವರು ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟು ಇಳಿಸ್ತಾರ. ಬ್ರೇಕ್ ಕಾಯ್ದು ಹಿಡಿಯೋದೇ ಬಿಡ್ತದ. ಏರುವಾಗ ಯಾವ ಗೇರ್ ಬೇಕೋ, ಇಳಿಯುವಾಗಲೂ ಅದೇ ಗೇರ್ ಹಾಕ್ರಿ, ಇಂಜಿನ್ ತಾನೇ ತಡೀತದ. ಮಳೆಗಾಲಕ್ಕ ಮಾತ್ರ ಈ ಪ್ರವಾಸ ಇಡಬ್ಯಾಡ್ರಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಇದೇ ಹೆದ್ದಾರಿ ಮೇಲೆ ಕುಸಿದದ್ದು ನಿಮಗ ನೆನಪಿರಬಹುದು.

ಕಡೇದು, ನೀರು. ನಾವು ಭೀಮಾ ನದಿಯಲ್ಲಿ ಈಜಿದವರು, ಅದೇ ನಮ್ಮ ಸೊಕ್ಕು. ಕಡಲಿನ ಲೆಕ್ಕ ಬೇರೆ. ದಂಡಿಗೆ ಬಂದ ನೀರು ವಾಪಸ್ ಹೋಗ್ಲಾಕ ಒಂದು ಇಕ್ಕಟ್ಟಾದ ದಾರಿ ಹುಡುಕ್ತದ. ಅಲ್ಲಿ ತೆರೆ ಒಡೆಯೋದು ಕಡಿಮೆ, ನೀರು ಶಾಂತ ಕಾಣ್ತದ. ಶಾಂತ ಅದ ಅಂತ ಅಲ್ಲೇ ಇಳೀತೀವಿ, ಅದು ಒಳಗ ಎಳೀತದ. ಎದುರು ಈಜಿದ್ರ ಎಂಥ ಈಜುಗಾರನೂ ಸುಸ್ತಾಗ್ತಾನ. ದಂಡಿಗೆ ಸಮಾನಾಂತರವಾಗಿ, ಅಡ್ಡಕ್ಕ ಈಜಬೇಕು. ಆ ಹರಿವು ದಾಟಿದ ಮೇಲೆ ದಂಡಿಗೆ ತಿರುಗಬೇಕು. ಆಗಲಿಲ್ಲ ಅಂದ್ರ ತೇಲ್ತಾ ಕೈ ಎತ್ತಿ ಕೂಗಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕ ಬಂದಿದ್ದ ನಾಲ್ಕು ಹುಡುಗಿಯರು ನೀರುಪಾಲಾದ್ರು. ಅವರೂ ನಮ್ಮ ಹಂಗ ಕಡಲಿಲ್ಲದ ಊರಿನವರೇ, ಕೋಲಾರ ಜಿಲ್ಲೆಯವರು. ಮನೆಮಂದಿ ಜೊತಿ ಹೋಗೋರಿಗೆ ನಾನು ಹೇಳೋದು ಹೊನ್ನಾವರದ ಕಾಸರಕೋಡ. 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ದಂಡಿ ಅದು. ಆ ಗುರುತು ಕೊಡಬೇಕಾದ್ರ ಜೀವರಕ್ಷಕರು, ಶೌಚಾಲಯ, ನೀರಿನ ಸ್ವಚ್ಛತೆ ಎಲ್ಲಾ ನೋಡ್ತಾರ.

ನಮ್ಮವ್ವ ಮೊಣಕಾಲತನಕ ಮಾತ್ರ ಇಳಿದಳು. ಕಾಲ ಕೆಳಗಿನ ಉಸುಕು ಸರಿದಾಗ ನನ್ನ ತೋಳು ಗಟ್ಟಿ ಹಿಡಿದು, "ಯಪ್ಪಾ, ಭೂಮಿನೇ ಓಡ್ಲತ್ತದಲ್ಲೋ" ಅಂದಳು. ಆಮೇಲೆ ಒಂದು ತಾಸು ದಂಡಿ ಬಿಟ್ಟು ಏಳಲಿಲ್ಲ.

ನಿಮ್ಮ ಗಾಡಿಯ ಆರ್‌ಸಿ, ಪಾಲಿಸಿ ಬಗ್ಗೆ ಪ್ರಶ್ನೆ ಇದ್ರ ವಾಯ್ಸ್ ನೋಟ್ ಕಳಿಸ್ರಿ, ಮುಂದಿನ ವಾರ ಕೂತು ಒಂದೊಂದೇ ನೋಡೋಣು.